ವಾರಕ್ಕೆರಡು ದಿನದ ಸಿಇಒ: ಕಡಬದಂಥ ಊರಿನ ಕಂಪನಿಗೆ ಇದು ಆಗುತ್ತಾ?

ಕಡಬ ಅಂದ ಕೂಡಲೇ ತುಂಬಾ ಜನ ದಕ್ಷಿಣ ಕನ್ನಡದ ಕಡೆ ನೋಡ್ತಾರೆ. ನಾನು ಹೇಳ್ತಿರೋದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಕಡಬ. ಶಿಂಷಾ ನದಿಗೆ ಕಟ್ಟಿದ ದೊಡ್ಡ ಕೆರೆ, ಸುತ್ತ ತೆಂಗು, ಅಡಿಕೆ, ಹೊಲದಲ್ಲಿ ರಾಗಿ. ಇಂಥ ಹೋಬಳಿ ಕೇಂದ್ರದಲ್ಲಿ ನಿಂತು ‘ಫ್ರಾಕ್ಷನಲ್ ಸಿಇಒ’ ಅಂದ್ರೆ ನಗು ಬರಬಹುದು. ಅದು ಕೋರಮಂಗಲದ ಸ್ಟಾರ್ಟಪ್‌ಗಳ ಭಾಷೆ.

ಪದ ದೊಡ್ಡದು, ಅರ್ಥ ಸಣ್ಣದು. ದೊಡ್ಡ ಕಂಪನಿಯಲ್ಲಿ ಪಳಗಿದ ಅಧಿಕಾರಿಗೆ ಪೂರ್ತಿ ಸಂಬಳ ಕೊಡುವ ಶಕ್ತಿ ಸಣ್ಣ ಕಂಪನಿಗೆ ಇರಲ್ಲ. ಹಾಗಾಗಿ ಅವರನ್ನು ವಾರಕ್ಕೆ ಒಂದೋ ಎರಡೋ ದಿನದ ಮಟ್ಟಿಗೆ ನೇಮಿಸಿಕೊಳ್ಳುತ್ತೆ. ಉಳಿದ ದಿನಗಳಲ್ಲಿ ಅವರು ಇನ್ನೆರಡು ಮೂರು ಕಂಪನಿ ನೋಡ್ಕೊಳ್ತಾರೆ. ಹಣಕಾಸು ನೋಡೋರಾದರೆ ಸಿಎಫ್‌ಒ, ಮಾರಾಟದವರಾದರೆ ಸಿಎಂಒ, ಇಡೀ ಆಡಳಿತ ಹೊತ್ತರೆ ಸಿಇಒ. ಗುಬ್ಬಿ, ತಿಪಟೂರಿನಂಥ ಪೇಟೆಯಲ್ಲಿ ನಾಲ್ಕೈದು ಮಂಡಿಯ ಲೆಕ್ಕ ಒಬ್ಬರೇ ಬರೆಯೋದನ್ನು ನೋಡಿದವರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಲೆಕ್ಕ ಬರೆಯೋರ ಜಾಗದಲ್ಲಿ ತೀರ್ಮಾನ ಮಾಡೋರು ಬಂದಿದ್ದಾರೆ, ಅಷ್ಟೇ.

ಇದರ ಅಗತ್ಯ ಹೆಚ್ಚಿರೋದು ರೈತರೇ ಷೇರು ಹಾಕಿ ಕಟ್ಟಿಕೊಂಡ ಕಂಪನಿಗಳಿಗೆ ಅನ್ನೋದು ನನ್ನ ವಾದ. ವಿಚಿತ್ರ ಏನಂದ್ರೆ, ಕೋರಮಂಗಲದ ಕಂಪನಿ ನಾಳೆ ಬೆಳಗ್ಗೆಯೇ ಪಾರ್ಟ್‌ಟೈಮ್ ಸಿಇಒ ಇಟ್ಕೊಂಡರೆ ಯಾರೂ ಕೇಳಲ್ಲ. ರೈತರ ಕಂಪನಿ ಅದನ್ನೇ ಮಾಡಿದರೆ ಕಾನೂನು ಅಡ್ಡ ಬರುತ್ತೆ.

ಸಲಹೆಗಾರರಲ್ಲ, ಆಡಿಟರೂ ಅಲ್ಲ

ಸಣ್ಣ ಊರಿನಲ್ಲಿ ಈ ಗೊಂದಲ ಜಾಸ್ತಿ, ಹಾಗಾಗಿ ಮೊದಲು ಇದನ್ನು ಬಿಡಿಸಿಕೊಳ್ಳೋಣ. ಸಲಹೆಗಾರರು ವರದಿ ಬರೆದು ಕೊಟ್ಟು ಹೋಗ್ತಾರೆ. ಅದು ಜಾರಿಯಾಯ್ತೋ ಇಲ್ವೋ ಅವರಿಗೆ ಸಂಬಂಧ ಇಲ್ಲ. ಪಾರ್ಟ್‌ಟೈಮ್ ಅಧಿಕಾರಿಗೆ ಅಧಿಕಾರವೂ ಇರುತ್ತೆ, ಹೊಣೆಯೂ ಇರುತ್ತೆ. ಖರೀದಿ ದರ ಅವರು ನಿಗದಿ ಮಾಡ್ತಾರೆ, ಬ್ಯಾಂಕ್ ಮುಂದೆ ಅವರು ಕೂರ್ತಾರೆ, ಕೆಲಸ ಆಗದಿದ್ದರೆ ಉತ್ತರ ಕೊಡಬೇಕಾದವರೂ ಅವರೇ. ಪೂರ್ಣಾವಧಿ ಅಧಿಕಾರಿ ಸಿಗೋವರೆಗೆ ಆರು ತಿಂಗಳು ಕುರ್ಚಿ ತುಂಬುವ ಹಂಗಾಮಿ ವ್ಯವಸ್ಥೆ ಕೂಡ ಬೇರೆ. ಅಲ್ಲಿ ಅವಧಿ ಕಡಿಮೆ, ಆದರೆ ಕೆಲಸ ದಿನಪೂರ್ತಿ.

ಇನ್ನು ‘ನಮ್ಮ ಆಡಿಟರ್ ಇದ್ದಾರಲ್ಲ, ಅವರೇ ನೋಡ್ಕೊಳ್ತಾರೆ’ ಅನ್ನೋ ಮಾತು. ಕಂಪನಿಯ ಶಾಸನಬದ್ಧ ಆಡಿಟರ್ ಅದೇ ಕಂಪನಿಯ ಲೆಕ್ಕ ಬರೆಯೋದು, ಹಣಕಾಸು ನಿರ್ವಹಣೆ ಅಥವಾ ಆಡಳಿತ ಸೇವೆ ಕೊಡೋದು ಕಂಪನಿ ಕಾಯ್ದೆ 2013ರ 144ನೇ ಕಲಂ ಪ್ರಕಾರ ನಿಷಿದ್ಧ. ತಾನೇ ಬರೆದ ಲೆಕ್ಕವನ್ನು ತಾನೇ ತಪಾಸಣೆ ಮಾಡಿದರೆ ಅದು ತಪಾಸಣೆ ಹೇಗಾಗುತ್ತೆ? ಆಡಿಟರ್ ಒಬ್ಬರು, ಪಾರ್ಟ್‌ಟೈಮ್ ಸಿಎಫ್‌ಒ ಇನ್ನೊಬ್ಬರು ಆಗಿರಲೇಬೇಕು.

ಯಾರಿಗೆ ದಾರಿ ಇದೆ

ಮಾಲೀಕರೊಬ್ಬರೇ ನಡೆಸುವ ಸಂಸ್ಥೆ, ಪಾಲುದಾರಿಕೆ, ಎಲ್‌ಎಲ್‌ಪಿ, ಇವುಗಳಿಗೆ ಈ ವಿಷಯದಲ್ಲಿ ಯಾವ ಕಟ್ಟುಪಾಡೂ ಇಲ್ಲ. ಸಾಮಾನ್ಯ ಪ್ರೈವೇಟ್ ಲಿಮಿಟೆಡ್ ಕಂಪನಿಗೂ ಸಿಇಒ, ಸಿಎಫ್‌ಒ ಇರಲೇಬೇಕು ಅಂತ ಕಾನೂನು ಹೇಳಲ್ಲ. ಪಾವತಿಯಾದ ಷೇರು ಬಂಡವಾಳ 10 ಕೋಟಿ ರೂಪಾಯಿ ಮುಟ್ಟಿದರೆ ಪೂರ್ಣಾವಧಿ ಕಂಪನಿ ಸೆಕ್ರೆಟರಿ ಬೇಕು, ಅಷ್ಟೇ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿ ಮತ್ತು 10 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಬಂಡವಾಳದ ಪಬ್ಲಿಕ್ ಕಂಪನಿಗೆ ಮಾತ್ರ 203ನೇ ಕಲಂ ಬಿಗಿ ಹಿಡಿಯುತ್ತೆ: ಸಿಇಒ ಅಥವಾ ಎಂಡಿ, ಸಿಎಫ್‌ಒ, ಸೆಕ್ರೆಟರಿ ಮೂವರೂ ಪೂರ್ಣಾವಧಿ ಇರಬೇಕು, ಅಂಗಸಂಸ್ಥೆ ಬಿಟ್ಟು ಬೇರೆ ಕಂಪನಿಯಲ್ಲಿ ಅವರು ಹುದ್ದೆ ಹಿಡಿಯೋ ಹಾಗಿಲ್ಲ. ಎಂಡಿಗೆ ಮಾತ್ರ, ಬೋರ್ಡ್ ಒಮ್ಮತದಿಂದ ಒಪ್ಪಿದರೆ, ಇನ್ನೊಂದು ಕಂಪನಿಯ ವಿನಾಯಿತಿ ಇದೆ. ದೊಡ್ಡವರಿಗೆ ಬಿಗಿ, ಚಿಕ್ಕವರಿಗೆ ಸಡಿಲ. ಇದರಲ್ಲಿ ನ್ಯಾಯ ಇದೆ.

ನಮ್ಮ ಸುತ್ತಲಿನ ಉದಾಹರಣೆ ನೋಡಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ತುಮಕೂರಿನ ಆಚೆ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ. ಇಂಥ ದೊಡ್ಡ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡಲು ಹೊರಡುವ ಸಣ್ಣ ಘಟಕದಲ್ಲಿ ಮಾಲೀಕನೇ ಎಂಜಿನಿಯರ್, ಅವನೇ ಮಾರಾಟಗಾರ, ರಾತ್ರಿ ಜಿಎಸ್‌ಟಿ ಲೆಕ್ಕ ನೋಡೋನೂ ಅವನೇ. ಲೇತ್ ಮೆಷಿನ್ ಅವನ ಕೈಯಲ್ಲಿ ಸಲೀಸಾಗಿ ಓಡುತ್ತೆ. ಸಿಕ್ಕಿಹಾಕಿಕೊಳ್ಳೋದು ಬಾಕಿ ವಸೂಲಿಯಲ್ಲಿ.

ತಿಂಗಳಿಗೆ ಮೂರು ದಿನ ಬರೋ ಒಬ್ಬ ಅನುಭವಿ ಹಣಕಾಸು ಮುಖ್ಯಸ್ಥರು ಮೊದಲು ಕೈ ಹಾಕೋದು ಇಲ್ಲಿಗೇ. ಎಂಎಸ್‌ಎಂಇ ಕಾಯ್ದೆ 2006ರ 15ನೇ ಕಲಂ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರದಂತೆ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 43ಬಿ(ಎಚ್) ಎಂದು ಹೆಸರಾದ ಆದಾಯ ತೆರಿಗೆ ನಿಯಮ 2023-24ರ ಲೆಕ್ಕವರ್ಷದಿಂದ ಜಾರಿಗೆ ಬಂದ ಮೇಲೆ, ಹೀಗೆ ಗಡುವು ಮೀರಿಸಿದ ಖರೀದಿದಾರ ಆ ಖರ್ಚನ್ನು ನಿಜವಾಗಿ ದುಡ್ಡು ಕೊಟ್ಟ ವರ್ಷದಲ್ಲೇ ತೋರಿಸಬೇಕು. ಅಂದರೆ ಚೌಕಾಸಿಗೆ ಸಣ್ಣವನ ಕೈಯಲ್ಲೂ ಒಂದು ಆಯುಧ ಇದೆ. ಅದು ಇದೆ ಅಂತ ಗೊತ್ತಿರೋರು, ‘ಉದ್ಯಮ್’ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಹಾಕಿಸೋರು ಬೇಕು. ಸಗಟು, ಚಿಲ್ಲರೆ ವ್ಯಾಪಾರಿಗಳಿಗೆ ಮಾತ್ರ ಇದು ಅನ್ವಯಿಸಲ್ಲ. 2021ರ ಜುಲೈನಿಂದ ಅವರೂ ‘ಉದ್ಯಮ್’ನಲ್ಲಿ ನೋಂದಾಯಿಸಬಹುದು, ಆದರೆ ಸಿಗೋದು ಆದ್ಯತಾ ವಲಯದ ಸಾಲದ ಅನುಕೂಲ ಅಷ್ಟೇ. ಅಡಿಕೆ ಮಂಡಿಯವರು ಇದನ್ನು ನಂಬಿ ಕೂರೋ ಹಾಗಿಲ್ಲ.

ರೈತರ ಕಂಪನಿಯ ಕಥೆ ಬೇರೆ

ವೈ.ಕೆ. ಅಲಘ್ ಸಮಿತಿಯ ಶಿಫಾರಸಿನ ಮೇಲೆ, 2002ರ ತಿದ್ದುಪಡಿ ಮೂಲಕ ‘ಉತ್ಪಾದಕ ಕಂಪನಿ’ ಎಂಬ ಹೊಸ ಬಗೆ ನಮ್ಮ ಕಂಪನಿ ಕಾನೂನಿಗೆ ಬಂತು. ಸಹಕಾರ ಸಂಘದ ಗುಣ, ಕಂಪನಿಯ ಶಿಸ್ತು ಎರಡೂ ಇರಲಿ ಅನ್ನೋ ಆಸೆ. ಉತ್ಪಾದಕರಷ್ಟೇ ಸದಸ್ಯರು, ಸದಸ್ಯರು ವ್ಯಕ್ತಿಗಳಾಗಿದ್ದರೆ ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ. ಈಗ ಇದೆಲ್ಲ 2013ರ ಕಾಯ್ದೆಯ 378ಎ ಇಂದ ಶುರುವಾಗುವ ಕಲಂಗಳಲ್ಲಿದೆ. ನಾವು ಎಫ್‌ಪಿಒ ಅಂತ ಕರೆಯೋ ರೈತ ಉತ್ಪಾದಕ ಸಂಸ್ಥೆಗಳಲ್ಲಿ ಬಹಳಷ್ಟು ಇದೇ ರೂಪದವು.

ಆ ಅಧ್ಯಾಯದ 378ಡಬ್ಲ್ಯು ಕಲಂ ಓದಿ. ಪ್ರತಿ ಉತ್ಪಾದಕ ಕಂಪನಿಗೂ ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕ ಇರಬೇಕು, ಆ ವ್ಯಕ್ತಿ ಸದಸ್ಯರಾಗಿರಬಾರದು. ಬಂಡವಾಳ 5 ಲಕ್ಷ ಇರಲಿ, 5 ಕೋಟಿ ಇರಲಿ, ಮಿತಿಯ ಮಾತೇ ಇಲ್ಲ. ಮೂರು ವರ್ಷ ಸತತವಾಗಿ ಸರಾಸರಿ ವಹಿವಾಟು 5 ಕೋಟಿ ದಾಟಿದರೆ ಪೂರ್ಣಾವಧಿ ಸೆಕ್ರೆಟರಿಯೂ ಬೇಕು. 10 ಕೋಟಿಗಿಂತ ಕಡಿಮೆ ಬಂಡವಾಳದ ಖಾಸಗಿ ಕಂಪನಿಗೆ ಹಾಕದ ಷರತ್ತನ್ನು 300 ರೈತರ ಕಂಪನಿಗೆ ಹಾಕಿದ್ದಾರೆ.

ಷರತ್ತು ಹಾಕಿದವರು ಸಂಬಳಕ್ಕೆ ಏನು ಮಾಡಿದ್ದಾರೆ? 10,000 ಎಫ್‌ಪಿಒ ಕಟ್ಟುವ ಕೇಂದ್ರದ ಯೋಜನೆ 2020ರ ಫೆಬ್ರವರಿ 29ರಂದು ಚಿತ್ರಕೂಟದಲ್ಲಿ ಶುರುವಾಯಿತು, ಒಟ್ಟು ವೆಚ್ಚ 6,865 ಕೋಟಿ ರೂಪಾಯಿ. ಬಯಲುಸೀಮೆಯಲ್ಲಿ ಒಂದು ಸಂಸ್ಥೆಗೆ ಕನಿಷ್ಠ 300 ರೈತರು ಬೇಕು. ನಿರ್ವಹಣೆಗೆ ಮೂರು ವರ್ಷಕ್ಕೆ ಸೇರಿ ಗರಿಷ್ಠ 18 ಲಕ್ಷ. ಅದರೊಳಗೆ ಸಿಇಒ ಸಂಬಳ ತಿಂಗಳಿಗೆ ಹೆಚ್ಚೆಂದರೆ 25,000, ಲೆಕ್ಕಿಗರಿಗೆ 10,000. ಸದಸ್ಯರು ಹಾಕಿದ ಷೇರಿಗೆ ಸಮನಾಗಿ, ಒಬ್ಬರಿಗೆ 2,000 ರೂಪಾಯಿವರೆಗೆ, ಸಂಸ್ಥೆಗೆ 15 ಲಕ್ಷ ಮೀರದಂತೆ ಅನುದಾನ. 2025ರ ಫೆಬ್ರವರಿಯಲ್ಲಿ 10,000ದ ಗುರಿ ಮುಟ್ಟಿತು ಎಂದು ಘೋಷಣೆಯೂ ಆಯಿತು.

ಈ ಲೆಕ್ಕವನ್ನು ಒಮ್ಮೆ ಬಿಡಿಸೋಣ. ಮೂರು ವರ್ಷಕ್ಕೆ ಸಿಇಒಗೆ 9 ಲಕ್ಷ, ಲೆಕ್ಕಿಗರಿಗೆ 3.6 ಲಕ್ಷ. ಉಳಿಯೋದು 5.4 ಲಕ್ಷ, ತಿಂಗಳಿಗೆ 15,000. ಬಾಡಿಗೆ, ಕರೆಂಟು, ಓಡಾಟ, ಸಭೆ ಎಲ್ಲಾ ಅದರಲ್ಲೇ. ಈಗ 25,000ದ ಸಿಇಒ ಮಾಡಬೇಕಾದ ಕೆಲಸ ನೋಡಿ: 300 ಮನೆಯ ಕೊಬ್ಬರಿ ಒಟ್ಟು ಮಾಡಬೇಕು, ಗುಣಮಟ್ಟ ವಿಂಗಡಿಸಬೇಕು, ತಿಪಟೂರಿನ ದರ ದಿನಾ ನೋಡಬೇಕು, ದುಡಿಯುವ ಬಂಡವಾಳಕ್ಕೆ ಬ್ಯಾಂಕಿನ ಹತ್ತಿರ ಮಾತಾಡಬೇಕು, ರಿಜಿಸ್ಟ್ರಾರ್ ಆಫ್ ಕಂಪನೀಸ್‌ಗೆ ಫಾರಂ ತುಂಬಬೇಕು, ನಿರ್ದೇಶಕರ ಜಗಳ ಬಿಡಿಸಬೇಕು. ದೊಡ್ಡ ಆಹಾರ ಕಂಪನಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದವರು ಈ ದುಡ್ಡಿಗೆ ಬರಲ್ಲ. ಬರೋದು ಆಗಷ್ಟೇ ಡಿಗ್ರಿ ಮುಗಿಸಿದ ಊರಿನ ಹುಡುಗ ಅಥವಾ ಹುಡುಗಿ. ಅವರಲ್ಲಿ ಶ್ರದ್ಧೆ ಇರುತ್ತೆ, ಊರಿನ ಪರಿಚಯ ಇರುತ್ತೆ. ಖರೀದಿದಾರನ ಮುಂದೆ ಕೂತು ‘ಈ ಲೋಡು ಈ ದರಕ್ಕೆ ಕೊಡಲ್ಲ’ ಅನ್ನುವ ಧೈರ್ಯ ಬರೋದಕ್ಕೆ ವರ್ಷಗಳು ಬೇಕು. ಅಷ್ಟರಲ್ಲಿ ಬೆಂಗಳೂರಿನಲ್ಲಿ 35,000ದ ಕೆಲಸ ಸಿಕ್ಕರೆ ಹೋಗ್ತಾರೆ. ಅವರನ್ನು ಯಾವ ಬಾಯಲ್ಲಿ ಬೈಯೋದು?

ನಾಲ್ಕನೇ ವರ್ಷ ಅನುದಾನ ನಿಲ್ಲುತ್ತೆ, 378ಡಬ್ಲ್ಯು ನಿಲ್ಲಲ್ಲ. ಸಿಇಒ ಸಂಬಳ ವರ್ಷಕ್ಕೆ 3 ಲಕ್ಷ. ಖರೀದಿ-ಮಾರಾಟದಲ್ಲಿ ಸಂಸ್ಥೆಗೆ ಶೇ 2 ಉಳಿಯುತ್ತೆ ಅಂದ್ಕೊಳ್ಳಿ. ಆ ಒಂದು ಸಂಬಳಕ್ಕೇ 1.5 ಕೋಟಿ ವಹಿವಾಟು ಬೇಕು. 2025ರ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿಯ ಲೆಕ್ಕದಲ್ಲಿ ಸುಮಾರು 1,240 ಕ್ವಿಂಟಾಲ್. ಲೆಕ್ಕಿಗರ 1.2 ಲಕ್ಷ ಸೇರಿಸಿದರೆ 1,735 ಕ್ವಿಂಟಾಲ್ ದಾಟುತ್ತೆ. ಇದಕ್ಕೆ ಬೇಕಾದ ದುಡಿಯುವ ಬಂಡವಾಳ ಸದಸ್ಯರ ಷೇರು ಹಣದಿಂದ ಹುಟ್ಟಲ್ಲ. ರೈತರು ಕೊಬ್ಬರಿ ಕೊಟ್ಟು ತಿಂಗಳಾನುಗಟ್ಟಲೆ ಕಾಯೋರೂ ಅಲ್ಲ. ಮಂಡಿಯವರು ಕೈ ಮೇಲೆ ಕಾಸು ಇಡ್ತಾರೆ. ಬಾಗಿಲು ಮುಚ್ಚಿದರೆ ಹೋಗೋದು ಸದಸ್ಯರು ಹಾಕಿದ ಸಾವಿರ, ಎರಡು ಸಾವಿರ. ಅದಕ್ಕಿಂತ ಹೆಚ್ಚಾಗಿ, ‘ಒಟ್ಟಾದರೆ ಏನೋ ಆಗುತ್ತೆ’ ಅನ್ನೋ ನಂಬಿಕೆ ಹೋಗುತ್ತೆ. ಅದು ಇನ್ನೊಂದು ತಲೆಮಾರಿಗೂ ವಾಪಸ್ ಬರಲ್ಲ.

ಐದು ಸಂಸ್ಥೆ, ಒಬ್ಬ ಅನುಭವಿ

ಇದೇ 25,000ವನ್ನು ಬೇರೆ ರೀತಿ ನೋಡಿ. ಗುಬ್ಬಿ, ತುಮಕೂರು, ಕುಣಿಗಲ್ ತಾಲ್ಲೂಕುಗಳ ಐದು ಎಫ್‌ಪಿಒಗಳು ತಲಾ 25,000 ಹಾಕಿದರೆ ತಿಂಗಳಿಗೆ 1.25 ಲಕ್ಷ. ಆ ದುಡ್ಡಿಗೆ ಮಾರುಕಟ್ಟೆ ಗೊತ್ತಿರೋ, ಐದೂ ಕಡೆಯ ಸರಕನ್ನು ಒಂದೇ ಚೌಕಾಸಿಯಲ್ಲಿ ಮಾರಬಲ್ಲ ವ್ಯಕ್ತಿ ಸಿಗಬಹುದು. ವಾರಕ್ಕೆ ಒಂದು ದಿನ ಒಂದು ಸಂಸ್ಥೆ. ಆದರೆ ‘ಪೂರ್ಣಾವಧಿ’ ಅನ್ನೋ ಒಂದು ಪದ ಇದಕ್ಕೆ ಅಡ್ಡ ನಿಂತಿದೆ. ಕಾಗದದ ಮೇಲೆ ಒಬ್ಬರನ್ನು ಪೂರ್ಣಾವಧಿ ಅಂತ ತೋರಿಸಿ ಐದು ಕಡೆ ಓಡಾಡಿಸೋ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಳೆ ಸಹಿ ಮಾಡಿದ ನಿರ್ದೇಶಕರೇ ಉತ್ತರ ಹೇಳಬೇಕಾಗುತ್ತೆ.

ಕಾನೂನಿನ ಒಳಗೇ ಎರಡು ದಾರಿ ಇವೆ. ಒಂದು, ಊರಿನ ಹುಡುಗಿಯನ್ನೇ ಪೂರ್ಣಾವಧಿ ಸಿಇಒ ಆಗಿ ಉಳಿಸಿಕೊಂಡು, ಅವಳ ಬೆನ್ನಿಗೆ ಹಣಕಾಸಿಗೋ ಮಾರಾಟಕ್ಕೋ ಒಬ್ಬ ಪಾರ್ಟ್‌ಟೈಮ್ ಅನುಭವಿಯನ್ನು ಇಡೋದು. ಸಿಇಒ ಹುದ್ದೆಗಿರುವ ನಿರ್ಬಂಧ ಈ ಹುದ್ದೆಗಳಿಗಿಲ್ಲ. ಎರಡು, 378ಸಿ ಪ್ರಕಾರ ಎರಡು ಅಥವಾ ಹೆಚ್ಚು ಉತ್ಪಾದಕ ಸಂಸ್ಥೆಗಳು ಸೇರಿ ಮೇಲ್ಮಟ್ಟದ ಇನ್ನೊಂದು ಉತ್ಪಾದಕ ಕಂಪನಿ ಕಟ್ಟಬಹುದು. ಅನುಭವಿ ವ್ಯಕ್ತಿ ಆ ಮೇಲಿನ ಕಂಪನಿಯ ಪೂರ್ಣಾವಧಿ ಸಿಇಒ ಆಗ್ತಾರೆ. ಮಾರಾಟ, ಬ್ಯಾಂಕು, ಒಪ್ಪಂದ ಅಲ್ಲಿ. ಖರೀದಿ, ವಿಂಗಡಣೆ, ಸದಸ್ಯರ ಜೊತೆ ಮಾತು ಕೆಳಗಿನ ಐದು ಕಡೆ. ನನಗೆ ಎರಡನೆಯದೇ ಗಟ್ಟಿ ಅನ್ನಿಸುತ್ತೆ, ಯಾಕಂದ್ರೆ ಚೌಕಾಸಿಯ ಬಲ ಸಿಗೋದು ಸರಕು ಒಂದಾದಾಗ. ಮೊದಲನೆಯದು ಬೇಗ ಆಗುತ್ತೆ, ಮುಂದಿನ ತಿಂಗಳೇ ಶುರು ಮಾಡಬಹುದು.

ಖರ್ಚಿನಲ್ಲಿ ಒಂದು ಸೂಕ್ಷ್ಮ. ಪಾರ್ಟ್‌ಟೈಮ್ ಅಧಿಕಾರಿಗೆ ಸಾಮಾನ್ಯವಾಗಿ ಕೊಡೋದು ಸಂಬಳ ಅಲ್ಲ, ವೃತ್ತಿಪರ ಶುಲ್ಕ. ಅದರಲ್ಲಿ ಶೇ 10 ಟಿಡಿಎಸ್ ಹಿಡಿಯಬೇಕಾಗಬಹುದು. ಅವರ ವಾರ್ಷಿಕ ಆದಾಯ 20 ಲಕ್ಷ ದಾಟಿದ್ದರೆ ಶೇ 18 ಜಿಎಸ್‌ಟಿ ಸೇರುತ್ತೆ, 25,000 ಹೋಗಿ 29,500 ಆಗುತ್ತೆ. ತೆಂಗಿನಕಾಯಿಯಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರೋ ಸಂಸ್ಥೆಗೆ ಆ ತೆರಿಗೆ ವಾಪಸ್ ಸಿಗಲ್ಲ. ‘ಸಂಬಳದ ಬದಲು ಷೇರು ಕೊಡಿ’ ಅನ್ನೋ ಸ್ಟಾರ್ಟಪ್ ಪದ್ಧತಿಯೂ ಇಲ್ಲಿ ನಡೆಯಲ್ಲ. ಉತ್ಪಾದಕರಲ್ಲದವರಿಗೆ ಉತ್ಪಾದಕ ಕಂಪನಿಯ ಷೇರು ಕೊಡೋ ಹಾಗಿಲ್ಲ.

ಬಿನ್ನಿ ಮಿಲ್ಲಿನ ನೆನಪು

ಒಬ್ಬರೇ ಹಲವು ಕಂಪನಿ ನಡೆಸೋದರಲ್ಲಿ ಅಪಾಯವೂ ಇದೆ, ನಮ್ಮ ದೇಶ ಅದನ್ನು ಚೆನ್ನಾಗಿ ಉಂಡಿದೆ. ಬ್ರಿಟಿಷ್ ಕಾಲದಲ್ಲಿ ‘ಮ್ಯಾನೇಜಿಂಗ್ ಏಜೆನ್ಸಿ’ ಅಂತ ಇತ್ತು: ಷೇರುದಾರರು ದುಡ್ಡು ಹಾಕೋದು, ಆಡಳಿತ ಮಾತ್ರ ಕರಾರಿನ ಮೇಲೆ ಒಂದು ಏಜೆಂಟ್ ಸಂಸ್ಥೆಯ ಕೈಯಲ್ಲಿ. ಬೆಂಗಳೂರಿಗರು ಬಿನ್ನಿ ಮಿಲ್ ಅಂತ ಕರೆದ ಮಿಲ್ಲಿನ ಹೆಸರು ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್. ಬಿನ್ನಿ ಅನ್ನೋದು ಅದನ್ನು ನಡೆಸಿದ ಏಜೆಂಟರ ಹೆಸರು. ಜನರ ಬಾಯಲ್ಲಿ ಉಳಿದದ್ದು ಯಾರ ಹೆಸರು ನೋಡಿ. ಈ ಪದ್ಧತಿಯಲ್ಲಿ ಏಜೆಂಟರು ಲಾಭ ಇರಲಿ ಬಿಡಲಿ ಉತ್ಪಾದನೆ ಅಥವಾ ಮಾರಾಟದ ಮೇಲೆ ಕಮಿಷನ್ ಪಡೆಯೋದು, ತಮ್ಮದೇ ಇನ್ನೊಂದು ಕಂಪನಿಯಿಂದ ಸರಕು ಕೊಳ್ಳೋದು ನಡೆದಿತ್ತು. ಕೊನೆಗೆ 1970ರ ಏಪ್ರಿಲ್ 3ರಿಂದ ಅದು ರದ್ದಾಯಿತು.

ಹಾಗಾಗಿ ಪಾರ್ಟ್‌ಟೈಮ್ ಅಧಿಕಾರಿಯ ಜೊತೆ ಕರಾರು ಬರೆಯುವಾಗ ವಹಿವಾಟಿನ ಮೇಲೆ ಶೇಕಡಾವಾರು ಕಮಿಷನ್ ಬೇಡ; ದಿನಕ್ಕೆ ಇಷ್ಟು ಅಂತ ಇರಲಿ, ಬೇಕಿದ್ದರೆ ಬಾಕಿ ವಸೂಲಿ ಅಥವಾ ರೈತರಿಗೆ ಸಿಕ್ಕ ದರಕ್ಕೆ ಸಣ್ಣ ಪ್ರೋತ್ಸಾಹ. ಅವರು ಇನ್ಯಾವ ಕಂಪನಿಗೆ ಕೆಲಸ ಮಾಡ್ತಾರೆ ಅನ್ನೋದು ಬರವಣಿಗೆಯಲ್ಲಿ ಇರಬೇಕು, ಹೊಸದು ಸೇರಿದರೆ ಬೋರ್ಡ್‌ಗೆ ತಿಳಿಸಬೇಕು. ನಿಮ್ಮ ಕೊಬ್ಬರಿ ಮಾರೋರೇ ಕೊಳ್ಳುವ ಮಂಡಿಗೂ ಸಲಹೆ ಕೊಡ್ತಿದ್ದರೆ ಆ ನೇಮಕ ಅಲ್ಲಿಗೇ ಬೇಡ. ಕೆಲಸ ಬಿಟ್ಟ ಮೇಲೆ ಎದುರಾಳಿಯ ಹತ್ತಿರ ಹೋಗಬಾರದು ಅಂತ ಬರೆಸಿಕೊಂಡರೂ ಸಾಮಾನ್ಯವಾಗಿ ಉಪಯೋಗ ಇಲ್ಲ, ಗುತ್ತಿಗೆ ಕಾಯ್ದೆಯ 27ನೇ ಕಲಂ ಪ್ರಕಾರ ಅಂಥ ಷರತ್ತು ಊರ್ಜಿತವಲ್ಲ. ಗೋಪ್ಯತೆಯ ಷರತ್ತು ನಿಲ್ಲುತ್ತೆ.

ಇದಕ್ಕಿಂತ ಮುಖ್ಯವಾದದ್ದು ಪಾಸ್‌ವರ್ಡ್. ನಾನು ನೋಡಿದ ಸಣ್ಣ ಸಂಸ್ಥೆಗಳಲ್ಲಿ ಜಿಎಸ್‌ಟಿ ಒಟಿಪಿ ಬರೋದು ಲೆಕ್ಕ ಬರೆಯೋರ ಮೊಬೈಲ್‌ಗೆ, ನಿರ್ದೇಶಕರ ಡಿಜಿಟಲ್ ಸಹಿಯ ಟೋಕನ್ ಇರೋದು ಆಡಿಟರ್ ಕಚೇರಿಯ ಡ್ರಾಯರ್‌ನಲ್ಲಿ. ಡ್ರಾಯರ್‌ನಲ್ಲಿ ಟೋಕನ್ ಇಟ್ಟ ನಿರ್ದೇಶಕ, ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟವನಿಗಿಂತ ಬೇರೆಯಲ್ಲ. ವಾರಕ್ಕೊಮ್ಮೆ ಬರೋ ಅಧಿಕಾರಿ ಬರುವ ಮೊದಲು ಇದೆಲ್ಲ ಸಂಸ್ಥೆಯ ಹೆಸರಿನ ಸಿಮ್, ಸಂಸ್ಥೆಯ ಇಮೇಲ್‌ಗೆ ಬರಲಿ; ಟೋಕನ್ ಸಹಿದಾರರ ಜೇಬಿನಲ್ಲಿರಲಿ. ಬ್ಯಾಂಕ್ ಖಾತೆಗೆ ಜಂಟಿ ಸಹಿ, ಅದರಲ್ಲಿ ಒಂದು ಊರಲ್ಲೇ ಇರೋ ನಿರ್ದೇಶಕರದ್ದು.

ಬದಲಾಗಬೇಕಾದ್ದು ಯಾವುದು

ಪಾರ್ಟ್‌ಟೈಮ್ ಅಂದ ಕೂಡಲೇ ಬೆಂಗಳೂರಿನ ನಿವೃತ್ತ ಸಾಹೇಬರು ಕಾರಲ್ಲಿ ಬಂದು ರೈತರಿಗೆ ಪಾಠ ಹೇಳೋ ಚಿತ್ರ ಕಣ್ಣಮುಂದೆ ಬರುತ್ತೆ. ಆ ಭಯ ಸುಳ್ಳಲ್ಲ. ಇಂಥ ನೇಮಕ ಪರಿಚಯದ ಮೇಲೆ ನಡೆಯುತ್ತೆ, ಪರಿಚಯ ಯಾವ ಜಾತಿ, ಯಾವ ಕಾಲೇಜಿನ ಸುತ್ತ ಸುತ್ತುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಜಾಹೀರಾತು ಕೊಟ್ಟು, ಅರ್ಹತೆ ಬರೆದು, ಬೋರ್ಡ್ ಮುಂದೆ ಸಂದರ್ಶನ ಮಾಡಿ ತಗೊಂಡರೆ ಬೇರೆ ಜನರೂ ಬರ್ತಾರೆ: ಮಕ್ಕಳಾದ ಮೇಲೆ ಐಟಿ ಕೆಲಸ ಬಿಟ್ಟು ತುಮಕೂರಿನಲ್ಲೇ ಇರೋ ಹೆಣ್ಣುಮಕ್ಕಳು, ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದವರು, ತೋಟ ನೋಡ್ಕೊಳ್ಳೋಕೆ ಊರಿಗೆ ವಾಪಸ್ ಬಂದವರು. ಪೂರ್ಣಾವಧಿ ಕೆಲಸ ಒಪ್ಪಲಾಗದ, ಆದರೆ ಕೆಲಸ ಗೊತ್ತಿರೋ ಜನ ನಮ್ಮ ಜಿಲ್ಲೆಯಲ್ಲಿ ಕಡಿಮೆ ಇಲ್ಲ.

378ಡಬ್ಲ್ಯುಗೆ ಒಂದು ವಿನಾಯಿತಿ ಸೇರಿಸೋದು ಸಂಸತ್ತಿಗೆ ದೊಡ್ಡ ಕೆಲಸ ಅಲ್ಲ. ಸೆಕ್ರೆಟರಿಗೆ 5 ಕೋಟಿ ವಹಿವಾಟಿನ ಗೆರೆ ಇರೋ ಹಾಗೆ ಸಿಇಒಗೂ ಒಂದು ಗೆರೆ ಹಾಕಿ, ಅದರ ಕೆಳಗಿನ ಕಂಪನಿಗಳು ಹಂಚಿಕೊಂಡ ಸಿಇಒ ಇಟ್ಕೊಳ್ಳಬಹುದು, ಹೆಚ್ಚೆಂದರೆ ಐದು ಕಂಪನಿ, ಪ್ರತಿ ಬೋರ್ಡಿನ ಒಪ್ಪಿಗೆ ಬೇಕು ಅಂದರೆ ಸಾಕು. ಯೋಜನೆಯ ಕಡೆಯಿಂದಲೂ 25,000ದ ಮಿತಿಯನ್ನು ಒಬ್ಬ ವ್ಯಕ್ತಿಗೆ ಅಂತ ಕಟ್ಟದೆ, ಒಂದು ಸಂಸ್ಥೆಯ ಪಾಲು ಅಂತ ಲೆಕ್ಕ ಹಾಕಬಹುದು. ಜಿಲ್ಲೆಯ ಸಂಸದರನ್ನು ರೈಲು, ಹೆದ್ದಾರಿ ಬಗ್ಗೆ ಕೇಳೋ ಹಾಗೆ ಇದನ್ನೂ ಕೇಳಬಹುದು.

ನಿಮ್ಮ ಮನೆಯಲ್ಲಿ ಯಾರಾದರೂ ಎಫ್‌ಪಿಒ ಸದಸ್ಯರಿದ್ದರೆ, ವಾರ್ಷಿಕ ಮಹಾಸಭೆಯ ನೋಟಿಸ್ ಸಭೆಗೆ ಕನಿಷ್ಠ 14 ದಿನ ಮೊದಲು ಅವರ ಕೈ ಸೇರಬೇಕು. ಒಟ್ಟು ಸದಸ್ಯರಲ್ಲಿ ಕಾಲು ಭಾಗ ಬಂದರಷ್ಟೇ ಕೋರಂ. 400 ಜನರ ಕಂಪನಿಗೆ 100 ಜನ. ಆ ಸಭೆಯಲ್ಲಿ ನಾಲ್ಕನೇ ವರ್ಷದ ಸಿಇಒ ಸಂಬಳ ಯಾವ ಬಾಬ್ತಿನಿಂದ ಬರುತ್ತೆ, ಪಕ್ಕದ ಹೋಬಳಿಯ ಸಂಸ್ಥೆ ಜೊತೆ ಮಾತಾಗಿದೆಯಾ, ಡಿಜಿಟಲ್ ಸಹಿ ಟೋಕನ್ ಯಾರ ಹತ್ತಿರ ಇದೆ, ಈ ಮೂರನ್ನು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.